ಬಸ್ಸು ಬರುವ ಮುಂಚೆ ಬೇಯುವ ಕೋಳಿ

ಶಿಕಾರಿಪುರ, ಸೊರಬ: ಹೊರಡುವ ಮೊದಲು

ವಿಯೆಟ್ನಾಮಿಗೆ ಹೋಗಿ ಬಂದವರು ಸಾಮಾನ್ಯವಾಗಿ ನೀರಿನಿಂದ ಎದ್ದು ನಿಂತ ಗುಡ್ಡಗಳ ಫೋಟೋ ತೋರಿಸುತ್ತಾರೆ. ನನ್ನ ಮೊಬೈಲಿನಲ್ಲಿರುವುದು ಒಂದು ಬಾಣಲೆಯ ಹದಿನಾರು ಫೋಟೋಗಳು. ಗುಡ್ಡ ನೋಡಬೇಕಾದ ದಿನ ನಾನು ದೋಣಿ ಹತ್ತಲೇ ಇಲ್ಲ, ಯಾರದೋ ಮನೆಯ ಅಡುಗೆಮನೆಯಲ್ಲಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ನಿಂತಿದ್ದೆ. ಅಷ್ಟು ದೂರ ಹೋಗಿ ಕೋಳಿ ಹುರಿಯುವುದನ್ನು ಕಲಿತು ಬಂದಿರಾ ಎಂದು ಕೇಳುವವರಿಗೆ ಹೌದು ಎಂದೇ ಹೇಳುತ್ತೇನೆ. ಅದರ ಬಗ್ಗೆ ನನಗೆ ಸ್ವಲ್ಪವೂ ನಾಚಿಕೆಯಿಲ್ಲ, ಬದಲಿಗೆ ಸಣ್ಣ ಜಂಬವೇ ಇದೆ.

ನಾನು ಶಿಕಾರಿಪುರದಲ್ಲಿ ಮೂವತ್ತು ವರ್ಷ ಹೈಸ್ಕೂಲ್ ಮಕ್ಕಳಿಗೆ ಗಣಿತ ಕಲಿಸಿದವಳು. ಗಡಿಯಾರ ನೋಡದೆ ಕೆಲಸ ಮಾಡಿ ಗೊತ್ತಿಲ್ಲ. ಅದೇ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಗೆಳತಿ ಮೆಹರುನ್ನೀಸಾ ನಾವಿಬ್ಬರೂ ನಿವೃತ್ತರಾದ ಮೇಲೆ ಒಂದು ದಿನ ಮನೆಗೆ ಬಂದು, "ಗಂಟೆ ಹೊಡಿಯದ ಒಂದು ವಾರ ನೋಡೋಣ ಬರ್ರಿ ಮೇಡಂ, ವಿಯೆಟ್ನಾಮಿಗೆ ಏಳು ಮಂದಿ ಹೊಂಟಾರೆ, ಇನ್ನ ಎರಡು ಸೀಟು ಅದಾವೆ" ಎಂದಳು. ನಮ್ಮ ಯಜಮಾನರು ನಾನು ಹೂಂ ಅನ್ನುವ ಮೊದಲೇ ಹೂಂ ಅಂದರು. ಒಂದು ವಾರ ತಮಗೂ ಗಂಟೆ ಹೊಡೆಯುವವರು ಇರುವುದಿಲ್ಲ ಎಂಬ ಲೆಕ್ಕ ಅವರದು.

ಊರು ಬಿಡುವ ಮುಂಚೆ ಸೊರಬಕ್ಕೆ ಹೋಗಿ ಅಣ್ಣನಿಗೆ ಹೇಳಿ ಬಂದೆ. ಅಣ್ಣ ಗುತ್ಯಪ್ಪ ಅಲ್ಲಿ ಶುಂಠಿ, ಗೋವಿನಜೋಳ ಬೆಳೆಯುತ್ತಾನೆ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು, ಮದುವೆ ಮಾಡಿಕೊಟ್ಟವನು ಅವನೇ. ನಾನು ಹೋದ ದಿನ ಅವನ ಹಿತ್ತಿಲಲ್ಲಿ ಒಂದು ಕೋಳಿ ಕಡಿಮೆಯಾಗುತ್ತದೆ. ಆದರೆ ಅವನು ನನ್ನ ಮನೆಯಲ್ಲಿ ಒಂದು ತುತ್ತು ಉಂಡು ಹನ್ನೊಂದು ವರ್ಷವಾಗಿತ್ತು.

ಕಾರಣ ಹೇಳಿದರೆ ಇಷ್ಟೇನಾ ಅನ್ನುತ್ತೀರಿ. ನಮ್ಮ ಹೊಸ ಮನೆಯ ಪ್ರವೇಶದ ಮಾರನೆಯ ದಿನ ಬಾಡೂಟ ಇಟ್ಟಿದ್ದೆವು. ಅಣ್ಣ ಬೆಳಗಿನಿಂದ ಪಂಚೆ ಮೇಲೆ ಕಟ್ಟಿ ಪಂಕ್ತಿಯ ಮೇಲೆ ಪಂಕ್ತಿ ಬಡಿಸಿದ. ಎಲ್ಲರೂ ಎದ್ದ ಮೇಲೆ ಕೊನೆಯ ಪಂಕ್ತಿಯಲ್ಲಿ ತಾನು ಕೂತ. ಅವನ ಎಲೆಗೆ ಬಡಿಸಿದವಳು ನಾನು. ದಣಿದಿದ್ದೆ, ಕೊಳಗದ ತಳಕ್ಕೆ ಸೌಟು ಹಾಕಿ ಬಂದಷ್ಟನ್ನು ಅನ್ನದ ಮೇಲೆ ಸುರಿದು ಮುಂದೆ ಹೋದೆ. ಅದರಲ್ಲಿ ಒಂದು ತುಂಡೂ ಇರಲಿಲ್ಲ. ಪಕ್ಕದಲ್ಲಿದ್ದ ಯಜಮಾನರ ಕಡೆಯ ನೆಂಟರೊಬ್ಬರು, "ಹೆಣ್ಣಿನ ಕಡೆಯೋರಿಗೆ ಸಾರಾದ್ರೂ ಉಳೀತಲ್ಲ ಬಿಡ್ರಿ" ಎಂದು ನಕ್ಕರು. ಅಣ್ಣ ಅನ್ನ ಸಾರು ಪೂರ್ತಿ ಉಂಡ, ಎಲೆ ಎತ್ತಿದ, ಬಸ್ಸು ಹತ್ತಿದ.

ಆಮೇಲೂ ಬರುತ್ತಾನೆ. ಶಿಕಾರಿಪುರದ ಮಾರುಕಟ್ಟೆಗೆ ಮಾಲು ತಂದಾಗಲೆಲ್ಲ ನಮ್ಮ ಮನೆಗೆ ಶುಂಠಿಯೋ ನಿಂಬೆಹಣ್ಣೋ ತಂದು ಕೊಡುತ್ತಾನೆ. ಆದರೆ ಚಪ್ಪಲಿ ಬಿಡುವುದಿಲ್ಲ. ಜಗಲಿಯ ತುದಿಯಲ್ಲಿ ಕೂತು ನೀರು ಕುಡಿದು, "ಬಸ್ಸಿಗೆ ಹೊತ್ತಾತು" ಎಂದು ಎದ್ದೇಬಿಡುತ್ತಾನೆ. ಕೋಳಿ ಕೊಯ್ಯಿಸುತ್ತೇನೆ ಎಂದರೆ, ಅದು ಬೇಯೋದ್ರೊಳಗೆ ಎರಡು ಬಸ್ಸು ಹೋಗ್ತಾವೆ ಅನ್ನುತ್ತಾನೆ. ಬರುವ ಸುಳಿವು ಸಿಕ್ಕಿ ಮೊದಲೇ ಮಾಡಿಟ್ಟರೆ, ನೀವು ಉಣ್ಣೋಕೆ ಮಾಡಿದ್ದು, ನಾನ್ಯಾರ ಪಾಲಿಗೆ ಕೈ ಹಾಕ್ಲಿ ಅನ್ನುತ್ತಾನೆ. ತಪ್ಪಾಯಿತು ಎಂದು ಹೇಳಲು ಹೋದರೆ, ಯಾವ ಕಾಲದ ಮಾತು ತೆಗಿತೀಯೆ ಎಂದು ಮುಖ ತಿರುಗಿಸುತ್ತಾನೆ. ಹೀಗೆ ಎಲ್ಲ ಕಡೆಯಿಂದಲೂ ಬಾಗಿಲು ಹಾಕಿಕೊಂಡ ಮನುಷ್ಯನನ್ನು ಎಲ್ಲಿಂದ ಕರೆಯುವುದು ಎಂದು ನನಗೆ ತಿಳಿದಿರಲಿಲ್ಲ.

ಪ್ರವಾಸದ ಸುದ್ದಿ ಕೇಳಿ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಬಸ್ಸೆಲ್ಲ ಟೈಮಿಗೆ ಸರಿಯಾಗಿ ಬರ್ತಾವನೇ?" ಲಲಿತತ್ತಿಗೆ ಮಾತ್ರ ಒಳಗೆ ಕರೆದು ಒಂದು ಡಬ್ಬಿ ಒಣಮೆಣಸಿನ ಚಟ್ನಿಪುಡಿ ಕೊಟ್ಟಳು. "ಅಲ್ಲಿ ಏನ್ ತಿಂತಾರೋ ಏನೋ ಮಾರಾಯ್ತಿ, ಬಾಯಿಗೆ ರುಚಿ ಇಲ್ದಿದ್ರೆ ಇದನ್ನ ನೆಕ್ಕು" ಎಂದಳು.

ಹನೋಯ್

ಹನೋಯಿನಲ್ಲಿ ಮೊದಲ ಸೋಲು ರಸ್ತೆ ದಾಟುವಾಗ ಆಯಿತು. ಎದುರಿಗೆ ಸ್ಕೂಟರುಗಳು, ಅವುಗಳ ಹಿಂದೆ ಮತ್ತಷ್ಟು ಸ್ಕೂಟರುಗಳು. ನಾನೂ ಮೆಹರುನ್ನೀಸಾಳೂ ಕೈ ಕೈ ಹಿಡಿದು ಫುಟ್‌ಪಾತಿನಲ್ಲಿ ಹದಿನಾಲ್ಕು ನಿಮಿಷ ನಿಂತೆವು. ವಾಚ್ ನೋಡಿಯೇ ಹೇಳುತ್ತಿದ್ದೇನೆ. ಕೊನೆಗೆ ನಮ್ಮ ಗೈಡ್ ತುವಾನ್ ವಾಪಸ್ ಬಂದು, ಓಡಬೇಡಿ, ನಿಲ್ಲಬೇಡಿ, ಒಂದೇ ಸಮ ನಡೆಯುತ್ತಿರಿ, ಅವರೇ ಸುತ್ತಿ ಹೋಗುತ್ತಾರೆ ಎಂದ. ಸಂಜೆ ಮೇದು ಮರಳುವ ಎಮ್ಮೆಗಳ ನಡುವೆ ದಾಟುವುದೂ ಹೀಗೆಯೇ ಅಲ್ಲವೇ ಎಂದು ಹೊಳೆದ ಮೇಲೆ ನನಗೆ ಭಯ ಹೋಯಿತು. ಆಮೇಲೆ ನಾನೇ ಉಳಿದವರನ್ನು ದಾಟಿಸಿದೆ.

ಎರಡನೇ ಸೋಲು ಕೂರುವಾಗ. ಅಲ್ಲಿ ಊಟದ ಅಂಗಡಿಗಳು ಫುಟ್‌ಪಾತಿನ ಮೇಲೇ ಇವೆ, ಕೂರಲು ನಮ್ಮ ಬಚ್ಚಲುಮನೆಯ ಸ್ಟೂಲಿನಷ್ಟೇ ಎತ್ತರದ ಕೆಂಪು ಪ್ಲಾಸ್ಟಿಕ್ ಸ್ಟೂಲು. ಆಫೀಸಿಗೆ ಹೊರಟ ಟೈ ಕಟ್ಟಿದವರೂ ಅದರ ಮೇಲೆಯೇ ಮಂಡಿ ಮಡಚಿ ಕೂತು ಉಣ್ಣುತ್ತಾರೆ. ನಾನು ಕೂತೆ, ಸ್ಟೂಲಿನ ಕಾಲು ಮುರಿಯಿತು. ಅಂಗಡಿಯಾಕೆ ಎರಡು ಸ್ಟೂಲು ತಂದು ಒಂದರೊಳಗೊಂದು ಸೇರಿಸಿ ಇಟ್ಟಳು. ಎಷ್ಟು ಮರ್ಯಾದೆಯಿಂದ ಇಟ್ಟಳೆಂದರೆ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಲಾಲ್ ಸಿಗುವ ಖಾತ್ರಿಯಿಲ್ಲದ ಕಡೆ ಮೀನು, ಮೊಟ್ಟೆ, ತರಕಾರಿಯಲ್ಲೇ ಕಾಲ ಕಳೆಯುವುದೆಂದು ಮೆಹರುನ್ನೀಸಾ ಮೊದಲೇ ತೀರ್ಮಾನಿಸಿದ್ದಳು. ನಾನು ಬಿದ್ದದ್ದನ್ನು ನೋಡಿ ನಕ್ಕೂ ನಕ್ಕೂ ಅವಳ ಮೀನಿನ ಸೂಪು ಆರಿಹೋಯಿತು.

ಅತ್ತಿಗೆಯ ಚಟ್ನಿಪುಡಿಯ ಡಬ್ಬಿಯನ್ನು ಎರಡು ದಿನ ತೆರೆಯಬೇಕಾಗಲೇ ಇಲ್ಲ. ಅಲ್ಲಿಯ ಊಟದಲ್ಲಿ ಖಾರ ಕಡಿಮೆಯಾದರೂ ಸೊಪ್ಪು ಜಾಸ್ತಿ, ಘಮಕ್ಕೆ ಕೊರತೆಯಿಲ್ಲ. ಪುದೀನ, ಕೊತ್ತಂಬರಿ, ತುಳಸಿಯಂಥ ಎಲೆಗಳನ್ನು ಹಸಿಯಾಗಿ ಬುಟ್ಟಿ ತುಂಬ ಇಡುತ್ತಾರೆ. ಮೀನನ್ನು ಉಪ್ಪಿನಲ್ಲಿ ಹುದುಗಿಸಿ ತೆಗೆಯುವ ಮೀನಿನ ರಸದ ವಾಸನೆಗೆ ಮೊದಲ ದಿನ ಮೂಗು ಮುಚ್ಚಿಕೊಂಡವಳು ಮೂರನೇ ದಿನ ಅದಿಲ್ಲದಿದ್ದರೆ ಉಪ್ಪು ಸಾಲದು ಅನ್ನತೊಡಗಿದೆ.

ನಿನ್ ಬಿನ್ ದಾರಿ

ಹನೋಯಿನಿಂದ ನಿನ್ ಬಿನ್ ಎಂಬ ಊರಿಗೆ ವ್ಯಾನಿನಲ್ಲಿ ಹೊರಟೆವು. ದಾರಿಯುದ್ದ ಗದ್ದೆ, ಗದ್ದೆಯ ನಡುನಡುವೆ ಗುಡ್ಡ. ಗುಡ್ಡಗಳನ್ನು ತೆಗೆದುಬಿಟ್ಟರೆ ಶಿರಾಳಕೊಪ್ಪದ ರಸ್ತೆಯೇ. ಹನ್ನೊಂದೂವರೆಗೆ ವ್ಯಾನಿನಿಂದ ಹೊಗೆ ಬಂದು ನಿಂತಿತು. ಯಾವುದೋ ಬೆಲ್ಟ್ ಹೋಗಿದೆ, ಪೇಟೆಯಿಂದ ತರಿಸಬೇಕು, ಮೂರು ಗಂಟೆಯಾದರೂ ಬೇಕು ಎಂದ ಡ್ರೈವರ್. ಬಿಸಿಲು ಸುಡುತ್ತಿತ್ತು. ತುವಾನ್ ತಲೆ ಕೆರೆದುಕೊಂಡು, ನನ್ನ ಅಪ್ಪ ಅಮ್ಮನ ಮನೆ ಇಲ್ಲಿಂದ ಕಾಲು ಗಂಟೆ ನಡಿಗೆ, ಅಲ್ಲಿಗೆ ಹೋಗೋಣ ಎಂದ. ಅಮ್ಮನಿಗೆ ಫೋನ್ ಮಾಡಿ ಎರಡೇ ವಾಕ್ಯ ಮಾತಾಡಿದ್ದು ನನಗೆ ಕೇಳಿಸಿತು.

ನಡೆಯುತ್ತ ನಾನು ಆ ತಾಯಿಯ ಬಗ್ಗೆ ಮರುಗಿದೆ. ಬಳ್ಳಿಗಾವಿಯ ಗುಡಿ ನೋಡಲು ಬಂದ ಒಂಬತ್ತು ಜನ ಪರದೇಶದವರು ಹೀಗೆ ಹೇಳದೆ ಕೇಳದೆ ನನ್ನ ಜಗಲಿ ಹತ್ತಿದರೆ ಚಹಾ, ಬಿಸ್ಕತ್ತು ಕೊಟ್ಟು ಕೈ ಮುಗಿಯುತ್ತೇನೆ. ಊಟಕ್ಕೆ ನಿಲ್ಲಿ ಎಂದು ಬಾಯುಪಚಾರಕ್ಕೂ ಹೇಳುವುದಿಲ್ಲ.

ಲಾನ್ ಎಂಬ ಆ ತಾಯಿಗೆ ನನ್ನದೇ ವಯಸ್ಸು, ನನ್ನ ಅರ್ಧ ತೂಕ. ಬಾಗಿಲಲ್ಲಿ ಚಪ್ಪಲಿ ಬಿಟ್ಟೆವು, ನಲ್ಲಿಯಲ್ಲಿ ಕೈಕಾಲು ತೊಳೆದೆವು. ಆಕೆ ಅಡುಗೆಮನೆಗೆ ಹೋದಳು. ಒಳಗಿನಿಂದ ಮಳೆ ಶುರುವಾದಂತೆ ಚುರ್ರೆಂಬ ಸದ್ದು. ನಾನು ಅಭ್ಯಾಸಬಲದಿಂದ ವಾಚ್ ನೋಡಿದೆ. ಏಳು ನಿಮಿಷ. ಏಳೇ ನಿಮಿಷಕ್ಕೆ ದೊಡ್ಡ ತಟ್ಟೆಗಳಲ್ಲಿ ಕೋಳಿ, ಹೀರೆಕಾಯಿ, ಕ್ಯಾರೆಟ್, ಎಲೆಕೋಸು ಎಲ್ಲ ಕಲೆತು ಹೊಳೆಯುತ್ತ ಹೊರಗೆ ಬಂತು. ಪಕ್ಕದ ಮನೆಯಿಂದ ಒಂದು ಪಾತ್ರೆ ಅನ್ನ ಬಂತು. ಮೆಹರುನ್ನೀಸಾಳಿಗೆ ಬೇರೆ ಬಾಣಲೆಯಲ್ಲಿ ಬರೀ ತರಕಾರಿ, ಮೊಟ್ಟೆ.

ಚಾಪೆಯ ಮೇಲೆ ಸುತ್ತ ಕೂತೆವು. ನಮ್ಮಂತೆಯೇ ನೆಲದ ಮೇಲೆ. ಆದರೆ ಅಲ್ಲಿ ಯಾರೂ ಬಡಿಸುವವರಿಲ್ಲ, ಸಾಲಿಲ್ಲ, ಮೊದಲ ಪಂಕ್ತಿ ಕೊನೆಯ ಪಂಕ್ತಿ ಇಲ್ಲ. ನಡುವೆ ಇಟ್ಟ ತಟ್ಟೆಯಿಂದ ಎಲ್ಲರೂ ಒಟ್ಟಿಗೆ ತೆಗೆದುಕೊಳ್ಳುತ್ತಾರೆ. ಲಾನ್ ತಾನು ಉಣ್ಣುತ್ತಿದ್ದ ಕಡ್ಡಿಗಳಿಂದಲೇ ದಪ್ಪನೆಯ ಒಂದು ತುಂಡು ಎತ್ತಿ ನನ್ನ ಬಟ್ಟಲಿಗೆ ಹಾಕಿದಳು. ಎಂಜಲು ಎಂಬ ಮಾತು ಗಂಟಲಿನವರೆಗೆ ಬಂತು, ಅಲ್ಲೇ ನುಂಗಿದೆ. ಒಳ್ಳೆಯ ತುಂಡನ್ನು ಅತಿಥಿಯ ಬಟ್ಟಲಿಗೆ ಮನೆಯವರೇ ಹಾಕುವುದು ಇಲ್ಲಿಯ ಪ್ರೀತಿ ಎಂದು ತುವಾನ್ ಹೇಳಿದ.

ಆ ತುಂಡು ಬಾಯಲ್ಲಿರುವಾಗಲೇ ನನಗೆ ಅಣ್ಣ ನೆನಪಾದ. ಬಂದ ಮೇಲೆ ಒಲೆ ಹಚ್ಚಿದರೂ ಬಸ್ಸು ತಪ್ಪದ ಅಡುಗೆ ಇದು. ಮೊದಲೇ ಮಾಡಿಟ್ಟದ್ದಲ್ಲ, ಆದ್ದರಿಂದ ಯಾರ ಪಾಲೂ ಅಲ್ಲ. ಹನ್ನೊಂದು ವರ್ಷದ ಲೆಕ್ಕಕ್ಕೆ ಉತ್ತರ ಯಾರದೋ ಮನೆಯ ಚಾಪೆಯ ಮೇಲೆ ಸಿಕ್ಕಿತ್ತು.

ದೋಣಿ ತಪ್ಪಿಸಿಕೊಂಡ ದಿನ

ಮಾರನೆಯ ದಿನ ಎಲ್ಲರೂ ದೋಣಿಯಲ್ಲಿ ಗುಹೆಗಳನ್ನು ನೋಡಲು ಹೋಗುವವರಿದ್ದರು. ನಾನು ಬರುವುದಿಲ್ಲ, ತುವಾನನ ಮನೆಗೆ ಹೋಗುತ್ತೇನೆ ಎಂದೆ. "ಇಲ್ಲಿವರೆಗೂ ಬಂದು ಅಡಿಗೆಮನಿ ನೋಡ್ತೀರೇನ್ರಿ, ಅದು ಮನ್ಯಾಗ ಇಲ್ಲೇನ್ರಿ ನಿಮಗ?" ಎಂದಳು ಮೆಹರುನ್ನೀಸಾ. ಅಣ್ಣನ ವಿಷಯ ಹೇಳಿದೆ. ಮೂವತ್ತು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತರೂ ಅವಳಿಗದು ಗೊತ್ತಿರಲಿಲ್ಲ. ಕೇಳಿದ ಮೇಲೆ, "ಹೋಗ್ರಿ ಮೇಡಂ, ಗುಹೆ ಫೋಟೋ ನಾ ತರ್ತೀನಿ" ಎಂದಳು.

ತುವಾನ್ ನನ್ನನ್ನು ಮನೆಯಲ್ಲಿ ಬಿಟ್ಟು, ನಾನು ಹೇಳಿದ ಅಣ್ಣನ ಕತೆಯನ್ನು ತಾಯಿಗೆ ಹೇಳಿ ಹೋದ. ಸಂಜೆಯವರೆಗೆ ನಮ್ಮಿಬ್ಬರಿಗೂ ಭಾಷೆಯಿಲ್ಲ. ಅದರಿಂದ ಒಂದು ಲಾಭವಾಯಿತು, ನಾನು ಜೀವನದಲ್ಲಿ ಮೊದಲ ಸಲ ಮಧ್ಯೆ ಬಾಯಿ ಹಾಕದೆ ಪಾಠ ಕಲಿತೆ.

ಮೊದಲ ಬಾಣಲೆ. ನಮ್ಮಲ್ಲಿ ಮಾಡುವಂತೆ ಎಣ್ಣೆ ಕಾಯಲು ಇಟ್ಟು, ಬೆಳ್ಳುಳ್ಳಿ ಹಾಕಿ, ಈರುಳ್ಳಿ ಹೆಚ್ಚತೊಡಗಿದೆ. ಈರುಳ್ಳಿ ಮುಗಿದು ಹೀರೆಕಾಯಿಗೆ ಬರುವಷ್ಟರಲ್ಲಿ ಬೆಳ್ಳುಳ್ಳಿ ಇದ್ದಲಾಗಿತ್ತು. ಲಾನ್ ಒಲೆ ಆರಿಸಿ, ಚಾಕು ತೋರಿಸಿ, ಬಟ್ಟಲುಗಳನ್ನು ಸಾಲಾಗಿಟ್ಟು ತೋರಿಸಿದಳು. ಎಲ್ಲ ಹೆಚ್ಚಿ, ಎಲ್ಲ ಅಳೆದು, ಬಟ್ಟಲಿಗೆ ಹಾಕಿ ಮುಗಿದ ಮೇಲೆಯೇ ಬೆಂಕಿ. ಆ ಏಳು ನಿಮಿಷದ ಹಿಂದೆ ಮುಕ್ಕಾಲು ಗಂಟೆಯ ಕೆಲಸವಿರುತ್ತದೆ, ಆಕೆ ಬೆಳಗ್ಗೆಯೇ ಅದನ್ನು ಮುಗಿಸಿಡುತ್ತಾಳೆ, ನಿನ್ನೆ ನಮಗಾಗಿ ಪಕ್ಕದ ಮನೆಯವರೂ ಕೈ ಹಾಕಿದ್ದರು ಎಂದು ಆಮೇಲೆ ತುವಾನ್ ಹೇಳಿದ. ಪರೀಕ್ಷೆಗೆ ಓದದೆ ಹೋಗಿ ಮೂರು ಗಂಟೆ ಸಾಲಲಿಲ್ಲ ಅನ್ನುವ ನನ್ನ ವಿದ್ಯಾರ್ಥಿಗಳ ನೆನಪಾಯಿತು.

ಎರಡನೇ ಬಾಣಲೆ. ಕೋಳಿಯನ್ನು ಅರಿಸಿನದಲ್ಲಿ ತೊಳೆದು ನೀರು ಸೋರುತ್ತಿದ್ದಂತೆಯೇ ಎಣ್ಣೆಗೆ ಹಾಕಿದೆ. ಅದು ಹುರಿಯುವ ಬದಲು ಬೆವರಿತು. ತಳ ಹಿಡಿಯುತ್ತದೆ ಅನ್ನಿಸಿ ನನ್ನ ಕೈ, ನನ್ನನ್ನು ಕೇಳದೆಯೇ, ಚೊಂಬಿನಿಂದ ಒಂದು ಲೋಟ ನೀರು ಬಗ್ಗಿಸಿತು. ಬಗ್ಗಿಸಿ ಮುಚ್ಚಳವನ್ನೂ ಮುಚ್ಚಿತು. ಲಾನ್ ಹಣೆಗೆ ಕೈ ಇಟ್ಟುಕೊಂಡಳು. ನಲವತ್ತು ವರ್ಷ ಕೋಳಿ ಎಂದರೆ ಸಾರು, ಮುಚ್ಚಿದ ಮುಚ್ಚಳ, ಎರಡು ಗಂಟೆ ಎಂದು ಕಲಿತ ಕೈ ಅದು, ಒಂದು ಬೆಳಗ್ಗೆಗೆ ಮಾತು ಕೇಳುತ್ತದೆಯೇ. ಆ ಅಡುಗೆಯನ್ನು ಹೊರಗೆ ಕೂತಿದ್ದ ಆಕೆಯ ಗಂಡನಿಗೆ ಕೊಟ್ಟೆವು. ಹಿಂದೆ ದೋಣಿ ನಡೆಸುತ್ತಿದ್ದ ಮುದುಕ. ಆತ ಒಮ್ಮೆ ನೋಡಿ, ಕಡ್ಡಿ ಕೆಳಗಿಟ್ಟು, ಚಮಚ ಕೇಳಿದ. ಅದಕ್ಕಿಂತ ಮರ್ಯಾದೆಯ ಟೀಕೆಯನ್ನು ನಾನು ಕಂಡಿಲ್ಲ.

ಊಟದ ಹೊತ್ತಿಗೆ ಮೂರನೇ ಬಾಣಲೆ. ಲಾನ್ ನೀರಿನ ಚೊಂಬನ್ನು ಎತ್ತಿಕೊಂಡು ಹೋಗಿ ಅಂಗಳದಲ್ಲಿಟ್ಟು ಬಂದಳು, ಮುಚ್ಚಳವನ್ನು ತನ್ನ ಬೆನ್ನ ಹಿಂದೆ ಹಿಡಿದುಕೊಂಡಳು. ಎಲುಬು ತೆಗೆದ ಕೋಳಿಯನ್ನು ಬಟ್ಟೆಯಿಂದ ಒತ್ತಿ ಒರೆಸಿ, ಮಾಂಸದ ಎಳೆಗೆ ಅಡ್ಡವಾಗಿ ತೆಳ್ಳಗೆ ಕತ್ತರಿಸಿ, ಮೀನಿನ ರಸ, ಕಾಳುಮೆಣಸಿನ ಪುಡಿ, ಒಂದು ಚಿಟಿಕೆ ಸಕ್ಕರೆ, ಸ್ವಲ್ಪ ಅಕ್ಕಿಹಿಟ್ಟಿನಲ್ಲಿ ಕಲಸಿಟ್ಟಿದ್ದೆ. ಎಣ್ಣೆ ಹೊಗೆಯಾಡಿತು. ಕೋಳಿ ಹಾಕಿದೆ, ಹರಡಿದೆ. ಕೈ ಆಡಿಸಲು ಹೋದರೆ ಆಕೆ ಮಣಿಕಟ್ಟು ಹಿಡಿದಳು. ಮನಸ್ಸಿನಲ್ಲೇ ಮೂವತ್ತು ಎಣಿಸಿದೆ. ಬಿಟ್ಟಳು. ತಿರುವಿದೆ, ಕೆಂಪಗಾಗಿತ್ತು. ಅದನ್ನು ತೆಗೆದು, ಶುಂಠಿ ಬೆಳ್ಳುಳ್ಳಿ, ಗಟ್ಟಿ ತರಕಾರಿ ಮೊದಲು, ಮೆತ್ತಗಿನದು ಆಮೇಲೆ, ಕೊನೆಗೆ ಕೋಳಿ ಮತ್ತೆ ಒಳಗೆ. ನಾಲ್ಕು ಸಲ ತಿರುವಿ ಇಳಿಸಿದೆ.

ಮುದುಕ ಒಂದು ತುಂಡು ತಿಂದ. ಇನ್ನೊಂದು ತಿಂದ. ಖಾಲಿ ಬಟ್ಟಲನ್ನು ಅನ್ನಕ್ಕೆ ಚಾಚಿದ. ನನಗೆ ರ್‍ಯಾಂಕ್ ಬಂದಷ್ಟು ಸಂತೋಷವಾಯಿತು. ಲಾನ್ ನನ್ನ ಬೆನ್ನಿಗೆ ಗುದ್ದಿದಳು, ನಾನು ಅವಳನ್ನು ಅಪ್ಪಿಕೊಂಡೆ. ಅತ್ತಿಗೆಯ ಚಟ್ನಿಪುಡಿಯ ಡಬ್ಬಿಯನ್ನು ಆಕೆಗೇ ಕೊಟ್ಟೆ. ಒಂದು ಬೆರಳು ನೆಕ್ಕಿ ಕೆಮ್ಮಿದಳು, ಕಣ್ಣೊರೆಸಿಕೊಂಡಳು, ಮತ್ತೊಂದು ಬೆರಳು ನೆಕ್ಕಿದಳು.

ಸಂಜೆ ತುವಾನ್ ಕರೆದೊಯ್ಯಲು ಬಂದಾಗ ಲಾನ್ ತನ್ನ ಸಟ್ಟುಗವನ್ನು ನನ್ನ ಕೈಗಿಟ್ಟಳು. ಉದ್ದ ಹಿಡಿಯದು, ಬಾಣಲೆ ಕೆರೆದೂ ಕೆರೆದೂ ಒಂದು ಮೂಲೆ ಸವೆದಿತ್ತು. ಆಕೆ ಹೇಳಿದ್ದನ್ನು ಮಗ ತಿಳಿಸಿದ: "ಅಣ್ಣ ಬಂದಾಗ ತಟ್ಟೆಗೆ ನೀವೇ ಹಾಕಬೇಕಂತೆ. ಯಾವ ತುಂಡು ಅಂತ ನೋಡಿ ಹಾಕಬೇಕಂತೆ."

ಯಾವ ಭಾಷೆಯೂ ಇಲ್ಲದೆ ದಿನವಿಡೀ ಒಟ್ಟಿಗಿದ್ದವಳು ನನ್ನ ತಪ್ಪು ಎಲ್ಲಿತ್ತೆಂದು ಸರಿಯಾಗಿ ಹಿಡಿದಿದ್ದಳು. ಆ ದಿನ ಕೊಳಗದ ತಳದಲ್ಲಿ ತುಂಡು ಮುಗಿದದ್ದು ನನ್ನ ತಪ್ಪಲ್ಲ. ಅಣ್ಣನ ಎಲೆಯನ್ನು ನಾನು ನೋಡದೆ ಹೋದದ್ದು ತಪ್ಪು. ವ್ಯಾನಿನಲ್ಲಿ ಬರುವಾಗ ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತೆ, ಮೆಹರುನ್ನೀಸಾ ಗುಹೆಯ ಫೋಟೋಗಳನ್ನು ತೋರಿಸುವುದನ್ನು ನಿಲ್ಲಿಸಿ ನನ್ನ ಪಕ್ಕಕ್ಕೆ ಒತ್ತಿ ಕೂತಳು.

ಮತ್ತೆ ಶಿಕಾರಿಪುರ

ಊರಿಗೆ ಬಂದ ಮೊದಲ ಭಾನುವಾರವೇ ಪ್ರಯೋಗಕ್ಕಿಳಿದೆ. ಅಣ್ಣನಂಥ ನೆಂಟರಿಗೆ ಫಾರಂ ಕೋಳಿ ಹಾಕಿದರೆ ಅದು ಇನ್ನೊಂದು ಹನ್ನೊಂದು ವರ್ಷದ ಮಾತಾಗುತ್ತದೆ, ಆದ್ದರಿಂದ ನಾಟಿ ಕೋಳಿಯೇ ಆಗಬೇಕು. ಒಳ್ಳೆಯ ಬಲಿತ ಕೋಳಿ ತರಿಸಿ ಲಾನ್ ತೋರಿಸಿದಂತೆ ಏಳು ನಿಮಿಷ ಹುರಿದೆ. ಯಜಮಾನರು ಒಂದು ತುಂಡನ್ನು ಬಾಯಿಗೆ ಹಾಕಿಕೊಂಡು ಪೇಪರಿನ ಎರಡು ಪುಟ ಓದಿ ಮುಗಿಸಿದರು, ತುಂಡು ಇನ್ನೂ ಬಾಯಲ್ಲೇ ಇತ್ತು. "ಇದನ್ನ ಸೈಕಲ್ ಟ್ಯೂಬಿಗೆ ಪ್ಯಾಚ್ ಹಾಕಬೋದು ನೋಡೇ" ಎಂದರು.

ಮೂರು ವಾರ ಹೀಗೇ ಹೋಯಿತು. ನಾಲ್ಕನೇ ವಾರ ಹ್ಯಾಟೆ ತಂದೆ, ಅಂದರೆ ಇನ್ನೂ ಮೊಟ್ಟೆಯಿಡದ ಎಳೆಯ ನಾಟಿ ಕೋಳಿ. ಎಲುಬು ತೆಗೆದು, ಎಳೆಗೆ ಅಡ್ಡವಾಗಿ ವೀಳ್ಯದೆಲೆಯಷ್ಟು ತೆಳ್ಳಗೆ ಕತ್ತರಿಸಿದೆ. ಮೀನಿನ ರಸದ ಜಾಗಕ್ಕೆ ಗೋಬಿ ಮಂಚೂರಿ ಗಾಡಿಯವರನ್ನು ಕೇಳಿ ತಂದ ಸೋಯಾ ಸಾಸು. ಅಷ್ಟಾದರೂ ಒಳಗಿನ ಗ್ಯಾಸಿನ ಉರಿ ಸಾಲಲಿಲ್ಲ, ಕೋಳಿ ಮತ್ತೆ ಬೆವರಿತು. ಆಗ ನೆನಪಾದದ್ದು ಹಿತ್ತಿಲ ಒಲೆ. ನಮ್ಮ ಅತ್ತೆ ಇರುವವರೆಗೂ ದೇವರ ಕೋಣೆಗೆ ಅಂಟಿದ ಅಡುಗೆಮನೆಯಲ್ಲಿ ಮಾಂಸ ಬೇಯಿಸಲು ಬಿಟ್ಟವರಲ್ಲ, ಅದಕ್ಕೆಂದೇ ಹಿತ್ತಿಲಲ್ಲಿ ಮೂರು ಕಲ್ಲಿನ ಒಲೆ ಹಾಕಿಸಿದ್ದರು. ಮಳೆಯಲ್ಲಿ, ಬಿಸಿಲಲ್ಲಿ ಆ ಒಲೆಯ ಮುಂದೆ ಕೂತು ನಾನು ಅವರನ್ನು ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ. ಈಗ ಒಣ ತೆಂಗಿನ ಗರಿ, ಚಿಪ್ಪು ಹಾಕಿ ಹಚ್ಚಿದರೆ ಉರಿ ಬಾಣಲೆಯನ್ನು ಸುತ್ತಿ ಮೇಲೆ ಬಂತು. ಆರೂವರೆ ನಿಮಿಷ. ಯಜಮಾನರು ತಿಂದು, ಪೇಪರ್ ಪಕ್ಕಕ್ಕಿಟ್ಟು, ಎರಡನೇ ಸಲ ಕೇಳಿದರು. ಅತ್ತೆಯ ಫೋಟೋಗೆ ಅಂದು ಮನಸಾರೆ ಕೈ ಮುಗಿದೆ.

ಅತ್ತಿಗೆಯನ್ನು ಫೋನಿನಲ್ಲಿ ನನ್ನ ಪಕ್ಷಕ್ಕೆ ಸೇರಿಸಿಕೊಂಡೆ. ಅಣ್ಣ ಸೊರಬದಲ್ಲಿ ಬಸ್ಸು ಹತ್ತಿದ ಕೂಡಲೇ ತಿಳಿಸಬೇಕು, ಅಷ್ಟೇ ಕೆಲಸ. ಮೊದಲ ಸಲ ಅವಳು ಫೋನ್ ಮಾಡಿದ್ದು ಸೋಮವಾರ. ಸೋಮವಾರ ನಮ್ಮಲ್ಲಿ ಮಾಂಸ ಮುಟ್ಟುವುದಿಲ್ಲ, ಅಣ್ಣನೂ ಮುಟ್ಟುವುದಿಲ್ಲ. ಅವನು ಬಂದ, ನೀರು ಕುಡಿದ, ಹೋದ. ಅವನ ಬೆನ್ನು ಓಣಿ ದಾಟುವುದನ್ನು ಹಲ್ಲು ಕಚ್ಚಿ ನೋಡಿದೆ.

ಏಳು ನಿಮಿಷ

ಎರಡನೇ ಫೋನು ಬುಧವಾರ ಬಂತು. "ಹೊರಟ್ರು ಕಣೇ ಮಾರಾಯ್ತಿ, ಶುಂಠಿ ಚೀಲ ತಗಂಡು. ಮಾರ್ಕೆಟ್ ಮುಗ್ಸಿ ನಿಮ್ಮನೆಗೆ ಬರ್ತಾರೆ. ಏನ್ ಮಾಡ್ತೀಯೋ ಮಾಡು" ಎಂದಳು ಅತ್ತಿಗೆ.

ಯಜಮಾನರು ಹ್ಯಾಟೆ ತಂದು ಶುಚಿ ಮಾಡಿಸಿಕೊಟ್ಟರು. ನಾನು ಕತ್ತರಿಸಿದೆ, ಒರೆಸಿದೆ, ಕಲಸಿದೆ. ಬೀನ್ಸ್, ಕ್ಯಾರೆಟ್, ಹೀರೆಕಾಯಿ, ಎಲೆಕೋಸು ಬಟ್ಟಲುಗಳಲ್ಲಿ ಸಾಲಾಗಿ ಕೂತವು. ಅನ್ನ ಮಾಡಿ ಮುಚ್ಚಿಟ್ಟೆ. ಒಲೆಗೆ ಗರಿ ಒಟ್ಟಿದೆ, ಹಚ್ಚಲಿಲ್ಲ. ಮನೆಯಲ್ಲಿ ಎಲ್ಲೂ ಮಾಂಸದಡುಗೆಯ ವಾಸನೆಯಿರಲಿಲ್ಲ.

ಅಣ್ಣ ಬಂದ. ಒಂದು ಹಿಡಿ ಹಸಿಶುಂಠಿ ಜಗಲಿಯ ಮೇಲಿಟ್ಟ. ಚಪ್ಪಲಿ ಕಾಲಲ್ಲೇ ಇತ್ತು. ನಾನು ಕೊಟ್ಟ ನೀರು ಕುಡಿದು, "ಬಸ್ಸಿಗೆ ಹೊತ್ತಾತು ರೇಣಿ" ಎಂದ.

"ಎಷ್ಟೊತ್ತಿದೆ ಅಣ್ಣ?"

"ಇಪ್ಪತ್ತು, ಇಪ್ಪತ್ತೈದು ನಿಮಿಷ."

"ನಂಗೆ ಏಳು ನಿಮಿಷ ಕೊಡು. ಉಂಡ್ಕೊಂಡು ಹೋಗು."

"ಏಳು ನಿಮಿಷದಾಗೆ ಚಾ ಕೂಡ ಸರಿಯಾಗಿ ಕುದಿಯಲ್ಲ. ಏನ್ ಮಾಡಿಟ್ಟೀಯ?"

"ಏನೂ ಮಾಡಿಲ್ಲ. ಒಲೆನೇ ಹಚ್ಚಿಲ್ಲ, ಬೇಕಾದ್ರೆ ಬಂದು ನೋಡು."

ನಂಬಿಕೆಯಾಗದೆ ಅವನು ಮನೆಯನ್ನು ಸುತ್ತಿಕೊಂಡು ಹಿತ್ತಿಲಿಗೆ ಬಂದ, ಚಪ್ಪಲಿಯಲ್ಲೇ. ತಣ್ಣಗಿದ್ದ ಒಲೆ ನೋಡಿದ, ವಾಚ್ ನೋಡಿದ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ. ನಾನು ಬೆಂಕಿ ಹಚ್ಚಿದೆ.

ಬಾಣಲೆ ಕಾದಿತು, ಎಣ್ಣೆ ಹೊಗೆಯಾಡಿತು, ಕಲಸಿಟ್ಟಿದ್ದರಲ್ಲಿ ಅರ್ಧ ಕೋಳಿ ಬಿತ್ತು. ಕೈ ಆಡಿಸದೆ ಮನಸ್ಸಿನಲ್ಲಿ ಎಣಿಸುತ್ತ ನಿಂತೆ. ಹದಿನೈದು ಎಣಿಸಿರಲಿಲ್ಲ, ಅಣ್ಣ ಎದ್ದು ಚೊಂಬು ಹಿಡಿದುಕೊಂಡು ಬಂದ. "ನೀರು ಹಾಕೇ, ಸೀದು ಹೋಗ್ತದೆ" ಎಂದ.

"ಮುಟ್ಟಬೇಡ ಅಣ್ಣ."

"ಅಲ್ಲೇ, ತಳ ಹಿಡೀತದೆ. ಮುಚ್ಚಳನಾದ್ರೂ ಮುಚ್ಚು."

"ನೀನು ಆ ಚೊಂಬನ್ನ ದೂರ ಇಟ್ಟು ಬಾ" ಎಂದೆ. ದನಿ ತರಗತಿಯದಾಗಿತ್ತು. ಎಪ್ಪತ್ತರ ಹತ್ತಿರದ ಅಣ್ಣ ಚೊಂಬನ್ನು ಬಾವಿಕಟ್ಟೆಯ ಮೇಲಿಟ್ಟು ಬಂದ.

ತಿರುವಿದೆ, ಕೆಂಪಗೆ ಬಂದಿತ್ತು. ಅಣ್ಣನೇ ಬೆಳೆದ ಶುಂಠಿಯ ಘಮ ಹಿತ್ತಿಲು ತುಂಬಿತು. ತರಕಾರಿ, ಮತ್ತೆ ಕೋಳಿ, ಸಾಸು, ಮೆಣಸಿನ ಪುಡಿ, ಮೇಲೆ ಅರ್ಧ ನಿಂಬೆಹಣ್ಣು. ಲಾನ್ ಕೊಟ್ಟ ಸಟ್ಟುಗ ಬಾಣಲೆಯ ಬಾಗಿಗೆ ಸರಿಯಾಗಿ ಕೂತು ಹೇಳಿದ ಮಾತು ಕೇಳಿತು. ಇಳಿಸಿ ತಿರುಗಿದರೆ ಅಣ್ಣ ವಾಚ್ ನೋಡುತ್ತಿದ್ದ.

"ಆರೂ ಮುಕ್ಕಾಲು" ಎಂದ, ಒಲ್ಲದ ಮನಸ್ಸಿನಿಂದ.

ನಾನು ಬಾಣಲೆ ಎತ್ತಿಕೊಂಡು ಒಳಗೆ ಹೋದೆ, ನಡುಮನೆಯಲ್ಲಿ ಚಾಪೆ ಹಾಸಿ ತಟ್ಟೆ ಇಟ್ಟೆ. ಹಿಂದೆ ತಿರುಗಿ ನೋಡಲು ಧೈರ್ಯವಾಗಲಿಲ್ಲ. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಹಿತ್ತಿಲ ಬಾಗಿಲಲ್ಲಿ ಒಂದು ಚಪ್ಪಲಿ ಬಿದ್ದ ಸದ್ದು, ಅದರ ಹಿಂದೆ ಇನ್ನೊಂದು.

ಅಣ್ಣ ಕೈ ತೊಳೆದು ಬಂದು ಕೂತ. ಅನ್ನ ಬಡಿಸಿದೆ. ಒಂದೊಂದೇ ತುಂಡನ್ನು ನೋಡಿ, ಆರಿಸಿ, ಅವನ ತಟ್ಟೆಗೆ ಹಾಕಿದೆ. ಅವನು ಸಾಕು ಅನ್ನಲಿಲ್ಲ, ನಾನೂ ನಿಲ್ಲಿಸಲಿಲ್ಲ. ಅನ್ನ ಕಲಸಲು ಕೈಯಿಟ್ಟವನು ತಡೆದು ಸುತ್ತ ನೋಡಿದ.

"ಸಾರೆಲ್ಲಿ?" ಎಂದ.

"ಇದ್ರಲ್ಲಿ ಸಾರೇ ಇಲ್ಲ ಅಣ್ಣ. ಬರೀ ಪೀಸೇ."

ಅವನ ಕೈ ತಟ್ಟೆಯ ಮೇಲೇ ನಿಂತಿತು. ನನ್ನ ಮುಖ ನೋಡಿದ. ನಾನೂ ನೋಡಿದೆ, ಆ ದಿನ ನೋಡದೆ ಹೋದವಳು. ಆಮೇಲೆ ನಗತೊಡಗಿದ, ಹೆಗಲು ಕುಲುಕುವಂತೆ, ಕಣ್ಣಲ್ಲಿ ನೀರು ಬರುವವರೆಗೆ. "ಇಷ್ಟು ಪೀಸು ಹುಡ್ಕೋಕೆ ಅಷ್ಟು ದೂರ ಹೋಗಿದ್ದೇನೆ ನೀನು" ಎಂದ. ನಾನು ಹೌದೆಂದು ತಲೆಯಾಡಿಸಿದೆ. ನನಗೆ ಅಳುವೂ ಬರುತ್ತಿತ್ತು, ಗೆದ್ದೆ ಎಂದು ಕೂಗಬೇಕೆಂದೂ ಅನ್ನಿಸುತ್ತಿತ್ತು.

ಅವನು ಉಂಡ. ಬಾಯಿ ತುಂಬ, ನಿಧಾನವಾಗಿ, ಮೊದಲಿನಂತೆ. ಜಗಲಿಯಿಂದ ಯಜಮಾನರು, "ಭಾವಾ, ನಿಮ್ಮ ಬಸ್ಸಿಗೆ ಹೊತ್ತಾತು ನೋಡ್ರಿ" ಎಂದರು.

ಅಣ್ಣ ತಲೆ ಎತ್ತಲಿಲ್ಲ. "ಹೋಗ್ಲಿ ಬಿಡ್ರಿ, ಸಂಜೆಗೊಂದು ಐತಲ್ಲ" ಎಂದ. ತಟ್ಟೆಯನ್ನು ನನ್ನ ಕಡೆ ಸರಿಸಿ, "ಇನ್ನೊಂದು ಸಲ ಹುರಿ ನೋಡಾಣ, ಹೆಂಗ್ ಮಾಡ್ತೀಯ ಅಂತ ಸರಿಯಾಗಿ ನೋಡ್ತೀನಿ. ನಿಮ್ಮತ್ತಿಗೆಗೆ ಹೇಳ್ಬೇಕು" ಎಂದ.

ಉಳಿದ ಅರ್ಧ ಕೋಳಿಯ ಬಟ್ಟಲು ಎತ್ತಿಕೊಂಡು ಮತ್ತೆ ಹಿತ್ತಿಲಿಗೆ ಹೋದೆ. ಅಣ್ಣ ಬರಿಗಾಲಲ್ಲೇ ಹಿಂದೆ ಬಂದು ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ತಾನೇ ಗರಿ ಮುರಿದು ಬೆಂಕಿಗೆ ಹಾಕಿದ. ಆ ಸಲ ಎಷ್ಟು ನಿಮಿಷವಾಯಿತೆಂದು ನನಗೆ ಗೊತ್ತಿಲ್ಲ, ನಾನು ವಾಚ್ ನೋಡಲಿಲ್ಲ.